ತುಮಕೂರು: ಸಂಸ್ಥೆಯ ವಾರ್ಷಿಕ ವರದಿ ಬಂತು, ನನ್ನ ತಮ್ಮ ಏನು ಕಲಿತ ಅಂತ ಅದರಲ್ಲಿಲ್ಲ. ಪೋಷಕರ ಸಭೆಯಲ್ಲಿ ಏನು ಕೇಳಲಿ?

ಅಮಾನಿಕೆರೆ ದಂಡೆ
ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ 26 ವರ್ಷ. ಬುದ್ಧಿಮಾಂದ್ಯತೆ ಇದೆ, ಸರ್ಟಿಫಿಕೇಟ್‌ನಲ್ಲಿ 75 ಪರ್ಸೆಂಟ್. ಸ್ಕೂಲ್ ವಯಸ್ಸು ಮುಗಿದ ಮೇಲೆ ಇಲ್ಲೇ ಊರಿನ ಒಂದು ಸೇವಾ ಸಂಸ್ಥೆಯ ಡೇ ಕೇರ್‌ಗೆ ಹೋಗುತ್ತಿದ್ದಾನೆ. ಹೆಸರು ಹಾಕುವುದಿಲ್ಲ. ಅಲ್ಲಿಯವರು ಒಳ್ಳೆಯವರು, ಹುಡುಗನನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಜಗಳ ಆಡೋಕೆ ಬರೆಯುತ್ತಿಲ್ಲ.

ಹೋದ ವಾರ ವರ್ಷದ ವರದಿ ಕೊಟ್ಟರು. ಬಣ್ಣಬಣ್ಣದ ಪುಸ್ತಕ. ಡಿಸೆಂಬರ್ 3ರ ಅಂಗವಿಕಲರ ದಿನದ ಫೋಟೊ, ಅತಿಥಿಗಳಿಗೆ ಶಾಲು ಹೊದಿಸಿದ ಫೋಟೊ, ಹಣ್ಣು ಹಂಚಿದ ಫೋಟೊ. ಫಲಾನುಭವಿಗಳ ಸಂಖ್ಯೆ ದಪ್ಪ ಅಕ್ಷರದಲ್ಲಿದೆ. ನನ್ನ ತಮ್ಮನೂ ಒಂದು ಫೋಟೊದಲ್ಲಿ ಚಪ್ಪಾಳೆ ತಟ್ಟುತ್ತಿದ್ದಾನೆ. ಆದರೆ ಈ ವರ್ಷ ಅವನು ಹೊಸದಾಗಿ ಏನು ಕಲಿತ, ಏನು ಕಲಿಯಲಿಲ್ಲ, ಮುಂದಿನ ವರ್ಷ ಏನು ಮಾಡಿಸುತ್ತಾರೆ, ಒಂದು ಸಾಲೂ ಇಲ್ಲ. ಮನೆಗೆ ಬಂದರೆ ಈಗಲೂ ಅಮ್ಮನೇ ಸ್ನಾನದ ನೀರು ಹದ ಮಾಡಿಕೊಡಬೇಕು.

ಅಮ್ಮನಿಗೆ ಶುಗರ್, ಮಂಡಿ ನೋವು. ಅವರಾದ ಮೇಲೆ ನಾನೇ ನೋಡಿಕೊಳ್ಳಬೇಕು. ಅದಕ್ಕೆ ಬೇಜಾರಿಲ್ಲ. ಅವನು ತಾನಾಗಿ ಎಷ್ಟು ಮಾಡಿಕೊಳ್ಳಬಲ್ಲ ಅಂತ ಗೊತ್ತಿದ್ದರೆ ನಾನೂ ತಯಾರಾಗಬಹುದು ಅಲ್ವಾ. ಮುಂದಿನ ತಿಂಗಳು ಪೋಷಕರ ಸಭೆ ಇದೆ. ಏನೇನು ಕೇಳಬೇಕು, ತಿಳಿದವರು ಹೇಳಿ.

ಕ್ಯಾತ್ಸಂದ್ರದವ
ಖರ್ಚಿನ ಪುಟ ಇದೆಯಾ? ಇಲ್ಲದಿದ್ದರೆ ಅದು ವರದಿ ಅಲ್ಲ ಗುರೂ, ಮದುವೆ ಆಲ್ಬಂ.

ಅಮಾನಿಕೆರೆ ದಂಡೆ
ಕೊನೇ ಪುಟದಲ್ಲಿದೆ. ಸಂಬಳ, ಊಟ, ಬಾಡಿಗೆ, ಇತರೆ. ಇತರೆ ಸ್ವಲ್ಪ ಜಾಸ್ತಿನೇ ಇದೆ.

ಲೆಕ್ಕದ ಮೇಷ್ಟ್ರು
"ಇತರೆ" ಅಂದ ತಕ್ಷಣ ಕಳ್ಳತನ ಅಂದುಕೊಳ್ಳಬೇಡಿ. ಇಂಥ ಕಡೆ ವ್ಯಾನಿನ ಡೀಸೆಲ್, ಔಷಧಿ, ರಿಪೇರಿ ಎಲ್ಲ ಅಲ್ಲಿಗೇ ಸೇರಿಸಿ ಬಿಡುತ್ತಾರೆ. ಆದರೆ ಕೇಳುವುದು ನಿಮ್ಮ ಹಕ್ಕು. ಆಡಿಟರ್ ಸಹಿ ಮಾಡಿದ ಲೆಕ್ಕಪತ್ರ ಅದರ ಅನುಬಂಧದ ಸಮೇತ ತೋರಿಸಿ ಅಂತ ಕೇಳಿ. ಅದರಲ್ಲಿ ಇತರೆ ಬಿಡಿಬಿಡಿಯಾಗಿ ಇರುತ್ತದೆ. ತೆರಿಗೆ ವಿನಾಯಿತಿಯ 12ಎ, 80ಜಿ ನೋಂದಣಿ ಎರಡೂ ಚಾಲ್ತಿಯಲ್ಲಿದೆಯಾ ಅಂತಲೂ ನೋಡಿ. ನೀತಿ ಆಯೋಗದ ದರ್ಪಣ್ ಪೋರ್ಟಲ್‌ನಲ್ಲಿ ಸಂಸ್ಥೆಯ ನೋಂದಣಿ ಇದ್ದರೆ ಪದಾಧಿಕಾರಿಗಳು ಯಾರು ಅಂತ ಮನೇಲೇ ಕೂತು ನೋಡಬಹುದು.

ವಿಶೇಷ ಶಿಕ್ಷಕಿ
ನಾನು ಬೇರೆ ತಾಲೂಕಿನ ವಿಶೇಷ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಲೆಕ್ಕಪತ್ರ ಆಮೇಲೆ ನೋಡಿ ಅಣ್ಣ. ಮೊದಲು ನಿಮ್ಮ ತಮ್ಮನ ಐ.ಇ.ಪಿ. ಫೈಲ್ ಕೇಳಿ. ಪ್ರತಿಯೊಬ್ಬರಿಗೂ ಬೇರೆ ಬೇರೆ ಗುರಿ ಬರೆದಿಡುವ ಫೈಲ್ ಅದು. ನಮ್ಮಲ್ಲಿ ಹೆಚ್ಚಿನವರು ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ ಮಾಡಿರುವ ಎಫ್.ಎ.ಸಿ.ಪಿ. ಚೆಕ್‌ಲಿಸ್ಟ್ ಬಳಸುತ್ತೇವೆ. ಪ್ರತಿ ಕೆಲಸದ ಮುಂದೆ ಗುರುತು ಹಾಕುತ್ತೇವೆ. ತಾನೇ ಮಾಡಿದನಾ, ಬಾಯಲ್ಲಿ ಹೇಳಿದರೆ ಮಾಡಿದನಾ, ಕೈ ಹಿಡಿದು ಮಾಡಿಸಬೇಕಾಯಿತಾ ಅಂತ.

ಸ್ನಾನದ ನೀರು ಅಂದಿರಲ್ಲ, ಅದೇ ಒಳ್ಳೆ ಉದಾಹರಣೆ. ಬಿಸಿನೀರು ಮೊದಲೋ ತಣ್ಣೀರು ಮೊದಲೋ, ಎಷ್ಟು ಚೊಂಬು, ಕೈ ಅದ್ದಿ ನೋಡುವುದು ಯಾವಾಗ, ಹೀಗೆ ಸಣ್ಣ ಸಣ್ಣ ಹಂತ ಮಾಡಿ ಕಲಿಸಬೇಕು. ಡೇ ಕೇರ್‌ನಲ್ಲಿ ಸ್ನಾನ ಇಲ್ಲ, ಅದಕ್ಕೆ ಯಾರೂ ಕಲಿಸಿಲ್ಲ. ನೀವು ಹೇಳದಿದ್ದರೆ ಅವರಿಗೆ ಗೊತ್ತಾಗುವುದೂ ಇಲ್ಲ. ಸಭೆಗೆ ಹೋಗುವ ಮುಂಚೆ ಅಮ್ಮನನ್ನು ಕೂರಿಸಿಕೊಂಡು ಮನೆಯಲ್ಲಿ ಅವನಿಗೆ ಏನೇನು ಮಾಡಿಕೊಡುತ್ತಾರೆ ಅಂತ ಪಟ್ಟಿ ಮಾಡಿ. ಅದರಲ್ಲಿ ಎರಡು ಮೂರು ಆರಿಸಿ, ಈ ವರ್ಷದ ಗುರಿ ಇದು ಅಂತ ಬರೆಸಿ.

ಶಿರಾ ಕಡ್ಲೆಕಾಯಿ
ಮೇಡಂ, ಕಲಿಸಿ ಕಲಿಸಿ ಅಂತೀರಿ. ಕಲಿತರೆ ಆಗುವ ನಷ್ಟ ಯಾರೂ ಹೇಳುವುದಿಲ್ಲ. ನನ್ನ ಮಗನಿಗೆ 16. ಹದಿನೆಂಟಕ್ಕೆ ಮತ್ತೆ ಸರ್ಟಿಫಿಕೇಟ್ ಕೊಡುವ ಡಾಕ್ಟರುಗಳ ಬೋರ್ಡ್ ಮುಂದೆ ಕೂರಿಸಬೇಕು. ಸರ್ಕಾರದ ಮಾರ್ಗಸೂಚಿ ತೆಗೆದು ನೋಡಿ. ಪರ್ಸೆಂಟೇಜ್ ಕೊಡುವುದು ವಿ.ಎಸ್.ಎಂ.ಎಸ್. ಅನ್ನುವ ಸಾಮಾಜಿಕ ಪ್ರೌಢತೆ ಪರೀಕ್ಷೆಯ ಅಂಕದ ಮೇಲೆ. ಅದರಲ್ಲಿ ಕೇಳುವುದೇನು? ತಾನೇ ಉಣ್ಣುತ್ತಾನಾ, ಬಟ್ಟೆ ಹಾಕಿಕೊಳ್ಳುತ್ತಾನಾ, ಅಂಗಡಿಗೆ ಹೋಗಿ ಸಾಮಾನು ತರುತ್ತಾನಾ. ಅಂಕ 36ರಿಂದ 54ರೊಳಗೆ ಬಂದರೆ 75 ಪರ್ಸೆಂಟ್. 55 ಮುಟ್ಟಿದರೆ 50 ಪರ್ಸೆಂಟ್. ಪಿಂಚಣಿಗೂ 75ರ ಗೆರೆ ಇದೆ. ಅಂದರೆ ನೀವು ಚೆನ್ನಾಗಿ ಕಲಿಸಿದಷ್ಟೂ ನಮ್ಮ ಕೈಗೆ ಬರುವುದು ಕಡಿಮೆ.

ವಿಶೇಷ ಶಿಕ್ಷಕಿ
ಹಾಗಾದರೆ ಕಲಿಸಬೇಡಿ ಅಂತೀರಾ ಸರ್? ಒಂದು ಅಂಗಡಿ ವ್ಯವಹಾರ ಕಲಿತ ಮಾತ್ರಕ್ಕೆ ಅಂಕ ಮೇಲೆ ಹಾರುವುದಿಲ್ಲ. ಮಗುವಿನ ಸಾಮಾಜಿಕ ವಯಸ್ಸನ್ನು ನಿಜವಾದ ವಯಸ್ಸಿನಿಂದ ಭಾಗಿಸಿ ಲೆಕ್ಕ ಹಾಕುತ್ತಾರೆ. ಹದಿನಾರು ವರ್ಷದ ಹುಡುಗ ಆರೇಳು ವರ್ಷದ ಮಗುವಿನ ಕೆಲಸ ಹೊಸದಾಗಿ ಕಲಿತರೂ 55 ಬಹಳ ದೂರ.

ಶಿರಾ ಕಡ್ಲೆಕಾಯಿ
ನಿಮಗೆ ದೂರ. ನಾವು ಗೆರೆಯ ಪಕ್ಕದಲ್ಲೇ ಇದ್ದೇವೆ. ಭಯ ಇರುತ್ತದೆ ಮೇಡಂ.

ಕೋಲಾರದ ಅಕ್ಕ
ಶಿರಾದವರು ಹೇಳುವುದು ಸರಿ ಇದೆ. ನಮ್ಮ ಕಡೆಯೂ ತಾಯಂದಿರು ಬೋರ್ಡ್‌ಗೆ ಹೋಗುವ ದಿನ ಮಗುವಿಗೆ "ಇವತ್ತು ಏನೂ ಮಾತಾಡಬೇಡ" ಅಂತ ಹೇಳಿಕೊಟ್ಟು ಕರೆದುಕೊಂಡು ಹೋಗುತ್ತಾರೆ. ಪಾಪ ಅವರದೂ ತಪ್ಪಲ್ಲ. ಮಗು ಮಾತ್ರ ಒಳಗೆ ಹೋಗಿ ಡಾಕ್ಟರಿಗೆ "ಊಟ ಆಯ್ತಾ" ಅಂತ ಕೇಳುತ್ತದೆ 😄

ಕೊರಟಗೆರೆ ವಿಆರ್‌ಡಬ್ಲ್ಯೂ
ಒಂದು ವಿಷಯ ಸೇರಿಸುತ್ತೇನೆ. 18 ತುಂಬಿದ ಮೇಲೆ ಕೊಡುವ ಸರ್ಟಿಫಿಕೇಟ್ ಜೀವನಪೂರ್ತಿಗೆ. ಆಮೇಲೆ ಎಷ್ಟು ಕಲಿತರೂ ಯಾರೂ ಬಂದು ಇಳಿಸುವುದಿಲ್ಲ. ಹಾಗಾಗಿ ಈ ಪೋಸ್ಟ್ ಹಾಕಿರುವ ಸರ್ ತಮ್ಮನಿಗೆ ಈ ಭಯವೇ ಇಲ್ಲ. ಧಾರಾಳವಾಗಿ ಕಲಿಸಲಿ.

ನಾನು ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಕೆಲಸ ಮಾಡುವವನು, ಗೌರವಧನದ ಮೇಲೆ. ಮನೆಮನೆಗೆ ಹೋಗುತ್ತೇನೆ. ಸಂಸ್ಥೆಗೆ ಬರುವವರ ಲೆಕ್ಕ ವರದಿಯಲ್ಲಿದೆ, ಸರಿ. ಬರದೇ ಇರುವವರ ಲೆಕ್ಕ? ಹದಿನೆಂಟು ದಾಟಿದ ಹೆಣ್ಣುಮಕ್ಕಳನ್ನು ಮನೆಯಿಂದ ಆಚೆ ಕಳಿಸುವುದೇ ಇಲ್ಲ. ಯಾರ ಜೊತೆ ಕಳಿಸುವುದು, ಏನಾದರೂ ಆದರೆ ಅಂತ ತಾಯಿಗೆ ದಿಗಿಲು. ಅಪ್ಪ ಅಮ್ಮ ಕೂಲಿಗೆ ಹೋದರೆ ಆ ಹುಡುಗಿ ಬಾಗಿಲು ಹಾಕಿದ ಮನೆಯೊಳಗೆ. ನಿಮ್ಮ ಸಂಸ್ಥೆಯವರು ಹಳ್ಳಿಗಳಿಗೆ ಹೋಗಿ ಮನೆಯಲ್ಲೇ ತರಬೇತಿ ಕೊಡುತ್ತಾರಾ ಅಂತ ಕೇಳಿ. ಅದಕ್ಕೆ ಕಟ್ಟಡ ಬೇಡ. ಒಬ್ಬ ಟೀಚರ್, ಒಂದು ಗಾಡಿ ಸಾಕು.

ಪಾವಗಡ ಬಿಸಿಲು
ತುಮಕೂರಿನವರು ಪುಣ್ಯವಂತರು. ಬೈಯೋಕಾದರೂ ಒಂದು ಸಂಸ್ಥೆ ಇದೆ.

ನಮಗೆ ಜಿಲ್ಲಾಸ್ಪತ್ರೆಗೆ ಬರಬೇಕು ಅಂದರೆ ಒಂದು ದಿನ ಪೂರ್ತಿ ಹೋಯಿತು. ಅಂಗವಿಕಲರ ಬಸ್ ರಿಯಾಯಿತಿ ಪಾಸ್ ಮನೆಯಿಂದ 100 ಕಿಲೋಮೀಟರ್ ಒಳಗೆ. ನಮ್ಮ ಹಳ್ಳಿ ತಾಲೂಕಿನ ಆ ತುದಿಯಲ್ಲಿದೆ, ಲೆಕ್ಕ ನೀವೇ ಹಾಕಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ತಾಯಂದಿರಿಗೆ ಉಪಕಾರ ಆಯಿತು, ಇಲ್ಲ ಅನ್ನುವುದಿಲ್ಲ. ಆದರೆ ಇಪ್ಪತ್ತು ದಾಟಿದ ಗಂಡು ಹುಡುಗ ಬಸ್ಸಿನಲ್ಲಿ ಹಟ ಹಿಡಿದರೆ ತಾಯಿ ಒಬ್ಬಳ ಕೈಲಿ ಆಗುತ್ತದಾ? ಅಪ್ಪನೂ ಬರಬೇಕು. ಅಪ್ಪನ ಟಿಕೆಟ್, ಅಪ್ಪನ ಕೂಲಿ ಎರಡೂ ಹೋಯಿತು.

ಕುಣಿಗಲ್ ಕುದುರೆ
ಪಾವಗಡಕ್ಕೆ ಸೋಲಾರ್ ಪಾರ್ಕ್ ಕೊಟ್ಟಿದ್ದಾರಲ್ಲ ಸರ್, 2,050 ಮೆಗಾವಾಟ್. ಆ ಕಂಪನಿಗಳು ಸಮಾಜಕ್ಕೆ ಖರ್ಚು ಮಾಡುವ ಸಿ.ಎಸ್.ಆರ್. ದುಡ್ಡು ಕೇಳಿ.

ಪಾವಗಡ ಬಿಸಿಲು
ಕೇಳೋಕೆ ಮೊದಲು ಒಂದು ಸಂಸ್ಥೆ ಬೇಕಲ್ಲ ಮಾರಾಯರೇ. ಅದನ್ನೇ ಹೇಳಿದ್ದು.

ಹಳೇ ಕಾರ್ಯಕರ್ತ
ನಾನು ಇಂಥದ್ದೇ ಒಂದು ಸಂಸ್ಥೆಯಲ್ಲಿ ಕೆಲಸ ಮಾಡಿ ಬಿಟ್ಟವನು. ಆ ವರದಿ ಹೇಗೆ ತಯಾರಾಗುತ್ತದೆ ಅಂತ ಹೇಳುತ್ತೇನೆ, ಆಮೇಲೆ ಬೈಯಿರಿ.

ವರದಿ ಬರೆಯುವುದು ಪೋಷಕರಿಗೆ ಅಲ್ಲ, ದುಡ್ಡು ಕೊಡುವವರಿಗೆ. 2013ರ ಕಂಪನಿ ಕಾಯ್ದೆ ಬಂದ ಮೇಲೆ ದೊಡ್ಡ ಕಂಪನಿಗಳು ಲಾಭದಲ್ಲಿ ಎರಡು ಪರ್ಸೆಂಟ್ ಸಮಾಜಕ್ಕೆ ಖರ್ಚು ಮಾಡಬೇಕು. ಅವರು ಕೇಳುವ ಮೊದಲ ಪ್ರಶ್ನೆಯೇ ಎಷ್ಟು ಜನ ಫಲಾನುಭವಿಗಳು ಅಂತ. ಕಂಪ್ಯೂಟರ್ ಕೊಡುತ್ತಾರೆ, ನೀರಿನ ಫಿಲ್ಟರ್ ಕೊಡುತ್ತಾರೆ, ಮೇಲೆ ಹೆಸರು ಬರೆಸುತ್ತಾರೆ. ಟೀಚರ್ ಸಂಬಳ, ಆಯಾ ಸಂಬಳ ಅಂದರೆ ಮುಖ ಆ ಕಡೆ ತಿರುಗುತ್ತದೆ. ಸರ್ಕಾರದ ಶಿಶುಕೇಂದ್ರಿತ ಅನುದಾನ ಬರುವುದು ಮಕ್ಕಳ ಲೆಕ್ಕದ ಮೇಲೆ, ಅದೂ ನಮಗೆ ಯಾವತ್ತೂ ಹೊತ್ತಿಗೆ ಸರಿಯಾಗಿ ಬಂದಿಲ್ಲ. ಅಲ್ಲಿಯವರೆಗೆ ಅಂಗಡಿಯವರು ಅಕ್ಕಿ ಸಾಲ ಕೊಟ್ಟರೆ ಊಟ. ಇಷ್ಟರಲ್ಲಿ ಒಳ್ಳೆ ಟೀಚರ್ ಬೆಂಗಳೂರಿಗೆ ಹೋಗುತ್ತಾರೆ. ಅಲ್ಲಿ ಸಂಬಳ ಜಾಸ್ತಿ, ಯಾರು ಬೇಡ ಅಂತಾರೆ.

ಈಗ ನಮ್ಮಲ್ಲಿ ನಿಜವಾಗಿ ನಡೆದ ಒಂದು ವರ್ಷದ ಕೆಲಸ ಕೇಳಿ. ಒಬ್ಬ ಹುಡುಗ ಬಟವಾಡಿಯಿಂದ ಟೌನ್‌ಹಾಲ್ ಸರ್ಕಲ್‌ವರೆಗೆ ಒಬ್ಬನೇ ಬಸ್ಸಿನಲ್ಲಿ ಬರುವುದು ಕಲಿತ. ಮೊದಲು ಟೀಚರ್ ಪಕ್ಕದಲ್ಲಿ ಕೂತರು, ಆಮೇಲೆ ಹಿಂದಿನ ಸೀಟಲ್ಲಿ, ಆಮೇಲೆ ಸ್ಕೂಟರಿನಲ್ಲಿ ಬಸ್ಸಿನ ಹಿಂದೆ. ಕಂಡಕ್ಟರುಗಳಿಗೂ ಹೇಳಿಟ್ಟಿದ್ದೆವು. ಒಬ್ಬ ಹುಡುಗಿ ತಿಂಗಳ ಮುಟ್ಟಿನ ದಿನಗಳಲ್ಲಿ ಪ್ಯಾಡ್ ತಾನೇ ಬದಲಾಯಿಸುವುದು ಕಲಿತಳು. ಅವಳ ತಾಯಿ ಬಂದು ಆಯಾ ಕೈ ಹಿಡಿದುಕೊಂಡು ಅತ್ತರು. ಫಿಟ್ಸ್ ಇರುವ ಮಕ್ಕಳಿಗೆ ಮಾತ್ರೆ ತಪ್ಪದ ಹಾಗೆ ಮನೆಗಳಿಗೆ ಫೋನ್ ಮಾಡಿ ಮಾಡಿ ನೆನಪಿಸಿದೆವು. ವ್ಯಾನ್ ಡ್ರೈವರ್ ರಜೆ ಹಾಕಿದರೆ ಅವತ್ತು ಅರ್ಧ ಮಕ್ಕಳು ಇಲ್ಲ, ಆದ್ದರಿಂದ ನಾನೇ ವ್ಯಾನ್ ಓಡಿಸಿದ್ದೇನೆ.

ಇದರಲ್ಲಿ ಯಾವುದು ಫೋಟೊಗೆ ಬರುತ್ತದೆ ಹೇಳಿ? ವರದಿಯಲ್ಲಿ ಬಂದಿದ್ದು "ಜೀವನ ಕೌಶಲ ತರಬೇತಿ ನೀಡಲಾಯಿತು" ಅನ್ನುವ ಒಂದು ಸಾಲು.

ಅಮಾನಿಕೆರೆ ದಂಡೆ
ಹಳೇ ಕಾರ್ಯಕರ್ತರೇ, ನೀವು ಇಲ್ಲಿ ಬರೆದದ್ದನ್ನೇ ವರದಿಯಲ್ಲಿ ಹಾಕಿದ್ದರೆ ನಾನೇ ದೇಣಿಗೆ ಚೀಟಿ ಹರಿಸುತ್ತಿದ್ದೆ. ಹೆಸರು ಹಾಕದೆ ಬರೆಯಬಹುದಿತ್ತು ಅಲ್ವಾ?

ಹಳೇ ಕಾರ್ಯಕರ್ತ
ಬರೆದುಕೊಟ್ಟಿದ್ದೆ. ಮುಟ್ಟಿನ ವಿಷಯ ಯಾಕೆ, ಸ್ವಾಮಿಗಳು ಓದುತ್ತಾರೆ ಅಂತ ಕಮಿಟಿಯವರು ತೆಗೆಸಿದರು.

ತಿಪಟೂರು ಕೊಬ್ಬರಿ
ಎಲ್ಲರೂ ದಾನಿಗಳನ್ನೇ ಬೈತಿದ್ದೀರಿ. ನಾವು ಮಗಳ ಹುಟ್ಟುಹಬ್ಬಕ್ಕೆ ಇಂಥ ಮಕ್ಕಳಿಗೆ ಹೋಳಿಗೆ ಊಟ ಹಾಕಿಸುತ್ತೇವೆ. ಮಕ್ಕಳು ಖುಷಿಯಾಗಿ ಉಣ್ಣುತ್ತವೆ. ಇದರಲ್ಲಿ ತಪ್ಪೇನು?

ವಿಶೇಷ ಶಿಕ್ಷಕಿ
ತಪ್ಪಿಲ್ಲ ಸರ್, ನಿಮ್ಮ ಮನಸ್ಸು ದೊಡ್ಡದು. ನಮ್ಮ ಕಷ್ಟ ಬೇರೆ. ಸೀಸನ್‌ನಲ್ಲಿ ವಾರಕ್ಕೆ ಮೂರು ಹುಟ್ಟುಹಬ್ಬ ಬರುತ್ತದೆ. ಪ್ರತಿ ಸಲ ಸಿಹಿ. ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ಮೊದಲೇ ಥೈರಾಯ್ಡ್ ತೊಂದರೆ ಜಾಸ್ತಿ, ತೂಕ ಬೇಗ ಏರುತ್ತದೆ. ಅರ್ಧದಷ್ಟು ಮಕ್ಕಳಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುತ್ತದೆ. ದಾನಿಗಳು ಬರುವವರೆಗೆ ತಟ್ಟೆ ಮುಂದೆ ಕಾಯಬೇಕು, ಹಾಡು ಹೇಳಬೇಕು, ಫೋಟೊ ಮುಗಿಯಬೇಕು. ಔಷಧಿ ಹೊತ್ತು ತಪ್ಪುತ್ತದೆ. ಒಂದು ದಿನದ ಊಟದ ಬದಲು ಒಂದು ತಿಂಗಳ ಮೊಟ್ಟೆ ಕೊಡಿಸಿ ನೋಡಿ.

ತಿಪಟೂರು ಕೊಬ್ಬರಿ
ಮೊಟ್ಟೆ ನಮ್ಮ ಮನೆಯಲ್ಲಿ ಆಗುವುದಿಲ್ಲ ಮೇಡಂ. ಹಾಲು ಕೊಡಿಸಬಹುದು.

ವಿಶೇಷ ಶಿಕ್ಷಕಿ
ಹಾಲಾದರೂ ಆಯಿತು, ರಾಗಿಯಾದರೂ ಆಯಿತು 🙏

ಲೆಕ್ಕದ ಮೇಷ್ಟ್ರು
ತಿಪಟೂರಿನವರಿಗೆ ಒಂದು ಮಾತು. ಊಟ, ಬಟ್ಟೆ, ಹಾಲು ವಸ್ತು ರೂಪದಲ್ಲಿ ಕೊಟ್ಟರೆ 80ಜಿ ವಿನಾಯಿತಿ ಇಲ್ಲ. ದುಡ್ಡು ಕೊಟ್ಟರೆ ಮಾತ್ರ. ನಗದು 2,000 ರೂಪಾಯಿ ದಾಟಿದರೆ ಅದಕ್ಕೂ ಇಲ್ಲ, ಚೆಕ್ ಅಥವಾ ಯುಪಿಐ ಮಾಡಿ. ಬರೀ ರಸೀದಿ ಸಾಲದು, 10ಬಿಇ ಸರ್ಟಿಫಿಕೇಟ್ ಕೇಳಿ ಪಡೆಯಿರಿ.

ಗುಬ್ಬಿ ಗೇಟ್
ಸ್ವಲ್ಪ ಬೇರೆ ಪ್ರಶ್ನೆ. ನನ್ನ ಮಗಳು ಏಳನೇ ಕ್ಲಾಸ್. ಮಾತು, ಲೆಕ್ಕಾಚಾರ ಎಲ್ಲ ಚುರುಕು. ಆದರೆ ಓದಲು, ಬರೆಯಲು ತಡವರಿಸುತ್ತಾಳೆ, ಅಕ್ಷರ ಅದಲು ಬದಲು. ಡಿಸ್ಲೆಕ್ಸಿಯಾ ಇರಬಹುದು ಅಂದಿದ್ದಾರೆ. ಇಂಥ ಸಂಸ್ಥೆಗೆ ಸೇರಿಸಬಹುದಾ?

ವಿಶೇಷ ಶಿಕ್ಷಕಿ
ಬೇಡವೇ ಬೇಡ. ಅವಳು ಮಾಮೂಲಿ ಶಾಲೆಯಲ್ಲೇ ಓದಬೇಕು. ಅದು ಕಲಿಕಾ ನ್ಯೂನತೆ, ಅದಕ್ಕೆ ಬೇರೆ ಪರೀಕ್ಷೆ, ಬೇರೆ ಸರ್ಟಿಫಿಕೇಟ್. 8 ವರ್ಷ ತುಂಬಿದ ಮೇಲೆ ಕೊಡುತ್ತಾರೆ. 14ಕ್ಕೆ ಮತ್ತೆ, 18ಕ್ಕೆ ಕೊನೆಯದಾಗಿ ಮಾಡಿಸಬೇಕು. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ಸಹಾಯ ಕೇಳಬಹುದು. ಎಸ್ಸೆಸ್ಸೆಲ್ಸಿ ಹೊತ್ತಿಗೆ ಓಡಾಡಬೇಡಿ, ಈಗಲೇ ಮಾಡಿಸಿ.

ಕ್ಯಾತ್ಸಂದ್ರದವ
2016ರ ಕಾಯ್ದೆಯಲ್ಲಿ 21 ಬಗೆ ಸೇರಿಸಿದ್ದಾರೆ. ಕೆಲಸದ ಮೀಸಲಾತಿ 4 ಪರ್ಸೆಂಟ್. ಅದರಲ್ಲಿ ಆಟಿಸಂ, ಬುದ್ಧಿಮಾಂದ್ಯತೆ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ, ಬಹುವಿಧ ವೈಕಲ್ಯ ಎಲ್ಲಕ್ಕೂ ಸೇರಿ ಒಂದು ಪರ್ಸೆಂಟ್. ಆ ಒಂದು ಯಾರಿಗೆ ಸಿಗುತ್ತದೆ ಹೇಳಿ. ಪರೀಕ್ಷೆ ಬರೆಯಬಲ್ಲವರಿಗೆ. ಈ ತಮ್ಮನಂಥವರಿಗೆ ಪೇಪರ್ ಕವರ್ ಮಡಿಚುವುದೇ ಗತಿ.

ಹಳೇ ಕಾರ್ಯಕರ್ತ
ಕವರ್ ಮಡಿಚುವುದನ್ನು ಹಗುರ ಮಾಡಬೇಡಿ. ಆದರೆ ವರ್ಷಗಟ್ಟಲೆ ಅದೇ ಮಾಡಿಸಿದರೆ ಅದು ತರಬೇತಿ ಅಲ್ಲ, ಹೊತ್ತು ಕಳೆಯುವುದು. ಅಷ್ಟು ಒಪ್ಪುತ್ತೇನೆ. ಸಭೆಯಲ್ಲಿ ಕೇಳಬೇಕಾದ್ದು ಇದು: ಕವರ್ ಮಾರಿದ ದುಡ್ಡು ಎಲ್ಲಿ ಹೋಯಿತು? ಮಡಿಚಿದವನಿಗೆ ಎಷ್ಟು ಕೊಟ್ಟಿರಿ? ಐವತ್ತು ರೂಪಾಯಿ ಆದರೂ ಅವನ ಕೈಗೇ ಕೊಡಬೇಕು.

ಅಮಾನಿಕೆರೆ ದಂಡೆ
ಇದು ನನಗೆ ಹೊಳೆದೇ ಇರಲಿಲ್ಲ. ಬರೆದುಕೊಂಡೆ.

ಮಧುಗಿರಿ ವಕೀಲ
ತಡವಾಗಿ ಬಂದೆ, ಆದರೆ ದೊಡ್ಡ ವಿಷಯ ಯಾರೂ ಎತ್ತಿಲ್ಲ. ತಮ್ಮನಿಗೆ 26. ಕಾನೂನು ಪ್ರಕಾರ 18 ದಾಟಿದ ಮೇಲೆ ತಂದೆ ತಾಯಿಯೂ ತಾವಾಗಿ ಗಾರ್ಡಿಯನ್ ಆಗಿ ಉಳಿಯುವುದಿಲ್ಲ. ಬ್ಯಾಂಕು, ಜಮೀನು, ಸಹಿ ಅಂತ ಬಂದಾಗ ಇದು ಕಾಡುತ್ತದೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಇದಕ್ಕೆ ದಾರಿ ಇದೆ. ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯ ಒಬ್ಬರು, ಅಂಗವಿಕಲರೊಬ್ಬರು ಇರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು. ತಂದೆ ತಾಯಿ, ಸಂಬಂಧಿಕರು ಅಥವಾ ನೋಂದಾಯಿತ ಸಂಸ್ಥೆ ಗಾರ್ಡಿಯನ್ ಆಗಬಹುದು. ಕೋರ್ಟಿಗೆ ಅಲೆಯಬೇಕಿಲ್ಲ.

ಗಾರ್ಡಿಯನ್ ಆದವರಿಗೂ ಲೆಕ್ಕ ಇದೆ. ನೇಮಕವಾದ ಆರು ತಿಂಗಳೊಳಗೆ ಅವರ ಆಸ್ತಿಯ ಪಟ್ಟಿ ಕೊಡಬೇಕು. ಪ್ರತಿ ಹಣಕಾಸು ವರ್ಷ ಮುಗಿದ ಮೂರು ತಿಂಗಳೊಳಗೆ ಖರ್ಚುವೆಚ್ಚ ಒಪ್ಪಿಸಬೇಕು. ಅಣ್ಣನೇ ಆದರೂ ಸರಿ.

ಅಮಾನಿಕೆರೆ ದಂಡೆ
ಧನ್ಯವಾದ ಸರ್. ಅಮ್ಮನ ಹೆಸರಲ್ಲಿ ಸ್ವಲ್ಪ ತೋಟ ಇದೆ. ಅವನಿಗೆ ತಿಳಿವಳಿಕೆ ಇಲ್ಲ, ಪಾಲು ಬರುವುದಿಲ್ಲ ಅಂತ ಚಿಕ್ಕಪ್ಪ ಹೇಳುತ್ತಾರೆ. ನಿಜವಾ?

ಮಧುಗಿರಿ ವಕೀಲ
ಶುದ್ಧ ಸುಳ್ಳು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೇ ಕಲಂ ಓದಿಸಿ ಚಿಕ್ಕಪ್ಪನಿಗೆ. ಕಾಯಿಲೆ, ಊನ ಇದೆ ಅಂತ ಯಾರ ಪಾಲೂ ತಪ್ಪುವುದಿಲ್ಲ. ಅಮ್ಮ ಇರುವಾಗಲೇ ವಿಲ್ ಮಾಡಿಸಿ, ಅವನ ಪಾಲನ್ನು ಯಾರು ನೋಡಿಕೊಳ್ಳಬೇಕು ಅಂತಲೂ ಬರೆಸಿ.

ಕೋಲಾರದ ಅಕ್ಕ
ಚಿಕ್ಕಪ್ಪಂದಿರು ಎಲ್ಲಾ ಜಿಲ್ಲೆಯಲ್ಲೂ ಒಂದೇ 😂

ಕೊರಟಗೆರೆ ವಿಆರ್‌ಡಬ್ಲ್ಯೂ
ನ್ಯಾಷನಲ್ ಟ್ರಸ್ಟ್ ಅಂದಾಗ ನಿರಾಮಯ ಆರೋಗ್ಯ ವಿಮೆಯನ್ನೂ ಮರೆಯಬೇಡಿ. ವರ್ಷಕ್ಕೆ 1 ಲಕ್ಷದವರೆಗೆ. ಹೊರರೋಗಿ ಚಿಕಿತ್ಸೆ, ಥೆರಪಿಗೂ ಸಿಗುತ್ತದೆ. ಆದರೆ ನವೀಕರಣ ಮಾಡಿಸುವುದನ್ನೇ ಜನ ಮರೆಯುತ್ತಾರೆ. ಗುಬ್ಬಿ ಗೇಟ್ ಮೇಡಂ, ನಿಮ್ಮ ಮಗಳಿಗೆ ಇದು ಬರುವುದಿಲ್ಲ, ಡಿಸ್ಲೆಕ್ಸಿಯಾ ಆ ಕಾಯ್ದೆಯಲ್ಲಿ ಇಲ್ಲ.

ಕುಣಿಗಲ್ ಕುದುರೆ
ಕೆಲಸದ ಮಾತು ಬಂದಿದ್ದಕ್ಕೆ ಕೇಳುತ್ತೇನೆ. ನಮ್ಮ ಜಿಲ್ಲೆ ತುಂಬ ಅಡಕೆ ತೋಟ. ಹಾಳೆ ತಟ್ಟೆ ಮಾಡಿಸಬಾರದಾ ಇವರ ಕೈಲಿ?

ವಿಶೇಷ ಶಿಕ್ಷಕಿ
ನಾವು ಮಾಡಿಸುತ್ತಿದ್ದೇವೆ ಸರ್. ಬೇಸಿಗೆಯಲ್ಲಿ ಹಾಳೆ ಕೂಡಿಟ್ಟುಕೊಂಡರೆ ಮಳೆಗಾಲಕ್ಕೂ ಆಗುತ್ತದೆ. ಹಾಳೆ ನೆನೆಸುವುದು ಒಬ್ಬರು, ಬ್ರಷ್‌ನಲ್ಲಿ ಉಜ್ಜುವುದು ಒಬ್ಬರು, ಒರೆಸಿ ನಿಲ್ಲಿಸುವುದು ಒಬ್ಬರು. ಬಿಸಿ ಮಷಿನ್ ಹತ್ತಿರ ಮಾತ್ರ ಆಯಾ ಇರುತ್ತಾರೆ. ಎಣಿಸಲು ಬಾರದವರಿಗೆ ಒಂದು ಮರದ ಪೆಟ್ಟಿಗೆ ಮಾಡಿಸಿದ್ದೇವೆ. ಸರಿಯಾಗಿ ಹತ್ತು ತಟ್ಟೆ ಹಿಡಿಸುತ್ತದೆ. ಪೆಟ್ಟಿಗೆ ತುಂಬಿದರೆ ಕಟ್ಟು ಕಟ್ಟುವುದು. ಎಣಿಕೆ ಬರುವವರಿಗಿಂತ ಇವರ ಕಟ್ಟೇ ಸರಿ ಇರುತ್ತದೆ, ಏಕೆಂದರೆ ಇವರು ಮಧ್ಯದಲ್ಲಿ ಹರಟೆ ಹೊಡೆಯುವುದಿಲ್ಲ.

ತಿಪಟೂರು ಕೊಬ್ಬರಿ
ಅಮೆರಿಕದವರು 2025ರಲ್ಲಿ ಹಾಳೆ ತಟ್ಟೆಗೆ ತಡೆ ಹಾಕಿದರಲ್ಲ, ಅಡಕೆಯ ಅಂಶ ಊಟಕ್ಕೆ ಸೇರುತ್ತದೆ ಅಂತ. ಮಾರುಕಟ್ಟೆ ಇದೆಯಾ ಈಗ?

ವಿಶೇಷ ಶಿಕ್ಷಕಿ
ನಮ್ಮದು ಅಮೆರಿಕದವರೆಗೆ ಯಾವತ್ತು ಹೋಗಿತ್ತು ಸರ್! ನಾಮಕರಣ, ಗೃಹಪ್ರವೇಶ, ದೇವಸ್ಥಾನದ ಪ್ರಸಾದ, ಇಷ್ಟೇ ನಮ್ಮ ಗಿರಾಕಿ.

ಕ್ಯಾತ್ಸಂದ್ರದವ
ತಟ್ಟೆ ಇಡ್ಲಿ ಹಿಡಿಸುವ ಅಳತೆಯಲ್ಲಿ ಮಾಡಿಸಿ ಮೇಡಂ, ನಮ್ಮೂರ ಹೋಟೆಲಿನವರಿಗೆ ನಾನೇ ಹೇಳುತ್ತೇನೆ. ತಮಾಷೆ ಅಲ್ಲ.

ವಿಶೇಷ ಶಿಕ್ಷಕಿ
ಅಳತೆ ಹೇಳಿ ಸರ್. ಡೈ ಅಂದರೆ ಅಚ್ಚು ಬೇರೆ ಮಾಡಿಸಬೇಕಾಗುತ್ತದೆ, ಅದಕ್ಕೇ ಜಾಸ್ತಿ ಖರ್ಚು. ಹೋಟೆಲಿನವರು ಖಾಯಂ ತೆಗೆದುಕೊಳ್ಳುತ್ತಾರೆ ಅಂದರೆ ಕಮಿಟಿಯಲ್ಲಿ ಕೇಳುತ್ತೇನೆ.

ಕುಣಿಗಲ್ ಕುದುರೆ
ನನಗೆ ಗೃಹಪ್ರವೇಶಕ್ಕೆ ಐನೂರು ತಟ್ಟೆ ಬೇಕು, ಮುಂದಿನ ತಿಂಗಳ ಕೊನೇ ವಾರ. ಪಾಯಸದ ದೊನ್ನೆಯೂ ಸಿಗುತ್ತದಾ?

ವಿಶೇಷ ಶಿಕ್ಷಕಿ
ತಟ್ಟೆ ಆಗುತ್ತದೆ, 12 ಇಂಚಿನದು. ದೊನ್ನೆ ಡೈ ರಿಪೇರಿಗೆ ಹೋಗಿದೆ, ಮಾತು ಕೊಡುವುದಿಲ್ಲ. ಮೆಸೇಜ್ ಮಾಡಿ. ಮುಂಗಡ ಸ್ವಲ್ಪ ಹಾಕಿದರೆ ಹಾಳೆ ಈಗಲೇ ಹೇಳಿಡುತ್ತೇನೆ.